ಹೆಣ್ಣು, ಗಾಂಜಾ, ಗಾಯ: ಒಂದಕ್ಕೊಂದು ಸೇರದ ಎರಡು ಲೆಕ್ಕ

ನಮ್ಮ ತ್ಯಾಗರಾಜನಗರದ ಟೀ ಅಂಗಡಿ ಮುಂದೆ ಹುಡುಗಿಯೊಬ್ಬಳು ಸಿಗರೇಟು ಹಚ್ಚಿದರೇ ನಾಲ್ಕು ತಲೆ ತಿರುಗುತ್ತವೆ. ಇನ್ನು ಗಾಂಜಾ ಅಂದ್ರೆ ಕೇಳೋದೇ ಬೇಡ. 2020ರ ಸ್ಯಾಂಡಲ್‌ವುಡ್ ಡ್ರಗ್ಸ್ ಪ್ರಕರಣದಲ್ಲಿ ನಟಿಯರ ಬಂಧನವಾದಾಗ ಟಿವಿಗಳು ಚರ್ಚಿಸಿದ್ದು ನಡತೆಯನ್ನ. ಹೆಣ್ಣುಮಕ್ಕಳು ಯಾಕೆ ಸೇದುತ್ತಾರೆ ಅಂತ ಕೇಳಿದವರು ಕಮ್ಮಿ.

ಸಂಶೋಧಕರು ಕೇಳಿದ್ದಾರೆ. ಬಾಲ್ಯದ ದೌರ್ಜನ್ಯ, ಹಲ್ಲೆ, ಲೈಂಗಿಕ ಹಿಂಸೆಗೂ ಮುಂದಿನ ಮಾದಕ ಬಳಕೆಗೂ ನಂಟಿದೆ ಅನ್ನೋದು ಹಳೇ ವಿಷಯ. ಅಮೆರಿಕದ ಮಿಸೌರಿಯಲ್ಲಿ ಅವಳಿ ಸಹೋದರಿಯರ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಯಾವ ಆಘಾತಕ್ಕೂ ಗಾಂಜಾ ಶುರುವಾಗೋದಕ್ಕೂ ನಂಟು, ಯಾವುದಕ್ಕೂ ಅದು ಚಟವಾಗೋದಕ್ಕೂ ನಂಟು ಅಂತ ಬೇರೆ ಬೇರೆಯಾಗಿ ನೋಡಿತು. ಕಪ್ಪು ಮತ್ತು ಬಿಳಿ ಹೆಣ್ಣುಮಕ್ಕಳಲ್ಲಿ ಉತ್ತರ ಒಂದೇ ಆಗಿರಲಿಲ್ಲ. ಇದನ್ನ ರಕ್ತದ ಗುಣ ಅಂತ ಓದಬೇಡಿ. ಕೇರಿ, ಪೊಲೀಸ್ ಭಯ, ಕುಟುಂಬದ ಕಾವಲು, ಕೈಗೆ ಸಿಗೋ ಸಹಾಯ, ಇವೆಲ್ಲ ಗಾಯಕ್ಕೂ ಹೊಗೆಗೂ ನಡುವೆ ನಿಂತಿರುತ್ತವೆ.

ನಮ್ಮಲ್ಲಿ ಆ ಜಾಗದಲ್ಲಿ ಜಾತಿ ಇದೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದ; ನಗರದ ಪಿಜಿ ಕೋಣೆಯಲ್ಲಿ ಅದೇ ಸೊಪ್ಪು ಅಪರಾಧ. ಮರ್ಯಾದೆಯ ಅಳತೆ ಸಮುದಾಯದಿಂದ ಸಮುದಾಯಕ್ಕೆ ಬದಲಾಗುತ್ತೆ, ಹೆಣ್ಣಿಗಂತೂ ಇನ್ನೂ ಬಿಗಿ.

ಲೆಕ್ಕ ನೋಡಿ. 2019ರ ಏಮ್ಸ್ ವರದಿ ಪ್ರಕಾರ, ಭಂಗಿಯೂ ಸೇರಿ ಗಾಂಜಾ ಬಳಸುವ ಗಂಡಸರು ಶೇ 5, ಹೆಂಗಸರು ಶೇ 0.6. ಮನೆಮನೆಗೆ ಬಂದು ಕೇಳಿದಾಗ ಯಾವ ಹೆಂಗಸು ಹೌದು ಅಂತಾಳೆ ಅನ್ನೋ ಅನುಮಾನ ನನಗಿದೆ. ಇತ್ತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ವಿವಾಹಿತೆಯರಲ್ಲಿ ಶೇ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ದೇಶದ ಸರಾಸರಿ ಶೇ 29. ಈ ಸಮೀಕ್ಷೆ ಜಾತಿ ಕೇಳುತ್ತೆ, ಹಿಂಸೆ ಕೇಳುತ್ತೆ, ತಂಬಾಕು, ಮದ್ಯ ಕೇಳುತ್ತೆ. ಗಾಂಜಾ ಕೇಳೋದಿಲ್ಲ. ನನ್ನ ಹಳೇ ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಎರಡು ಟೇಬಲ್ ಇವೆ, ಜೋಡಿಸೋಕೆ ಕಾಮನ್ ಕೀ ಇಲ್ಲ. ಒಂದೇ ಪ್ರಶ್ನೆ ಸೇರಿಸಿದರೆ ಸಾಕಿತ್ತು.

ಕಾನೂನು ಗೊತ್ತಿರಲಿ. 1985ರ ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 27ರಡಿ ಗಾಂಜಾ ಸೇವನೆಗೆ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಬಯಸಿ ಪೂರ್ತಿ ಪಡೆದರೆ, ಸೆಕ್ಷನ್ 64ಎ ವಿಚಾರಣೆಯಿಂದ ರಕ್ಷಣೆ ಕೊಡುತ್ತೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಹೋದವರು ಎಷ್ಟು ಸೇದ್ತೀರಿ ಅನ್ನೋದರ ಜೊತೆಗೆ ಮನೆಯಲ್ಲಿ ಏನಾಯಿತು ಅನ್ನೋದನ್ನೂ ಹೇಳಿ, ವೈದ್ಯರು ಕೇಳದಿದ್ದರೂ.