ಕೊಠಡಿಯ ಉಷ್ಣತೆಯ ನಿರ್ಣಯ ಯಾರದು?: ಜಾನ್ಸನ್ ಸಂಸ್ಥೆಯ ಇತಿಹಾಸದ ಒಂದು ಪರಿಶೀಲನೆ

ಕೈಗಾರಿಕಾ ಸಂಸ್ಥೆಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಬಂಡವಾಳ, ಉತ್ಪಾದನೆ, ಲಾಭ ಇವುಗಳ ಲೆಕ್ಕದಿಂದ ಆರಂಭಿಸುತ್ತಾರೆ. ಕಟ್ಟಡಗಳ ಒಳಗಿನ ಹವೆಯನ್ನು ಹತೋಟಿಯಲ್ಲಿಡುವ ಸಾಧನಗಳನ್ನು ತಯಾರಿಸುವ ಅಮೆರಿಕದ ಜಾನ್ಸನ್ ಸಂಸ್ಥೆಯ ಇತಿಹಾಸವಾದರೋ ಪಾಠ ನಡೆಯುವ ಕೊಠಡಿಯೊಂದರಲ್ಲಿ ಆರಂಭವಾಗುತ್ತದೆ. ಕೊಠಡಿಯು ಎಷ್ಟು ಬೆಚ್ಚಗಿರಬೇಕೆಂಬುದನ್ನು ನಿರ್ಣಯಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ ಈ ಇತಿಹಾಸದ ಉದ್ದಕ್ಕೂ ಹರಿದುಬಂದಿದೆ. ಆ ಪ್ರಶ್ನೆಯ ಬೆಳಕಿನಲ್ಲಿ ಸಂಸ್ಥೆಯ ಬೆಳವಣಿಗೆಯನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ವಾರನ್ ಸೀಮೋರ್ ಜಾನ್ಸನ್ 1847ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಜನಿಸಿದನು. ಮುಂದೆ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನಲ್ಲಿ, ಶಿಕ್ಷಕರನ್ನು ತರಬೇತುಗೊಳಿಸುವ ಸರಕಾರಿ ಶಾಲೆಯಲ್ಲಿ ಅಧ್ಯಾಪಕನಾದನು. ಆ ಪ್ರಾಂತದ ಚಳಿಗಾಲ ಅತ್ಯಂತ ಕಠೋರವಾದುದು. ಕೊಠಡಿಗಳಿಗೆ ಶಾಖ ಒದಗುತ್ತಿದ್ದುದು ನೆಲಮಾಳಿಗೆಯ ಕುಲುಮೆಯಿಂದ. ಆದರೆ ಶಾಖದ ಹೆಚ್ಚುಕಡಿಮೆ ಅನುಭವಕ್ಕೆ ಬರುತ್ತಿದ್ದುದು ಮೇಲಿನ ಕೊಠಡಿಗಳಲ್ಲಿ. ಅದನ್ನು ತಿದ್ದುವ ಡ್ಯಾಂಪರ್ ಹಲಗೆಗಳಿದ್ದುದು ಕೆಳಗೆ. ಆದುದರಿಂದ ಶಾಲೆಯ ಜವಾನನು ಪಾಠದ ನಡುವೆಯೇ ಒಳಬಂದು, ಉಷ್ಣಮಾಪಕವನ್ನು ನೋಡಿ, ಮತ್ತೆ ಕೆಳಗಿಳಿದು ಹಲಗೆಗಳನ್ನು ಸರಿಪಡಿಸಬೇಕಾಗುತ್ತಿತ್ತು. ಪಾಠಕ್ಕೆ ಅಡಚಣೆ ಒಂದು ಕಡೆ. ಜವಾನನಿಗೆ ಮುಗಿಯದ ಅಲೆದಾಟ ಇನ್ನೊಂದು ಕಡೆ.

ಈ ತೊಂದರೆಗೆ ಪರಿಹಾರವಾಗಿ ಜಾನ್ಸನ್ನನು ರಚಿಸಿದ ಸಾಧನಕ್ಕೆ 1883ರ ಜುಲೈ ತಿಂಗಳಲ್ಲಿ ಪೇಟೆಂಟ್ ದೊರೆಯಿತು. 'ಎಲೆಕ್ಟ್ರಿಕ್ ಟೆಲಿ-ಥರ್ಮೊಸ್ಕೋಪ್' ಎಂದು ಅದರ ಹೆಸರು. ಶಾಖಕ್ಕೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದರೆ, ಉಷ್ಣತೆ ಬದಲಾದಂತೆ ಆ ಪಟ್ಟಿ ಬಾಗುತ್ತದೆ. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಯೂರ್ 1830ರಲ್ಲಿಯೇ ಈ ತತ್ತ್ವದ ಮೇಲೆ ಪೇಟೆಂಟ್ ಪಡೆದಿದ್ದನು. ಜಾನ್ಸನ್ನನ ಸಾಧನದಲ್ಲಿ ಇಂತಹ ಲೋಹದ ಸುರುಳಿಯು ವಿದ್ಯುತ್ ಸಂಪರ್ಕವನ್ನು ಕೂಡಿಸಿ, ನೆಲಮಾಳಿಗೆಯಲ್ಲಿ ಗಂಟೆ ಬಾರಿಸುವಂತೆ ಮಾಡುತ್ತಿತ್ತು. ಇಲ್ಲಿ ಒಂದು ಅಂಶ ಗಮನಾರ್ಹವಾದುದು. ಈ ಯಂತ್ರ ತಾನಾಗಿ ಏನನ್ನೂ ನಿಯಂತ್ರಿಸುತ್ತಿರಲಿಲ್ಲ. ಕೊಠಡಿಯ ಸ್ಥಿತಿಯನ್ನು ದೂರದಲ್ಲಿದ್ದವನಿಗೆ ತಿಳಿಸುತ್ತಿತ್ತು, ಅಷ್ಟೆ. ಹಲಗೆಯ ಮೇಲಿನ ಕೈ ಜವಾನನದೇ ಆಗಿತ್ತು.

ಮಿಲ್ವಾಕಿ ನಗರದ ಧನಿಕ ವಿಲಿಯಂ ಪ್ಲಾಂಕಿಂಟನ್ನನ ನೆರವಿನಿಂದ ಜಾನ್ಸನ್ನನು ಉಪಾಧ್ಯಾಯ ವೃತ್ತಿಯನ್ನು ಬಿಟ್ಟು, 1885ರಲ್ಲಿ 'ಜಾನ್ಸನ್ ಎಲೆಕ್ಟ್ರಿಕ್ ಸರ್ವಿಸ್ ಕಂಪನಿ'ಯನ್ನು ಸ್ಥಾಪಿಸಿದನು. 1895ರಲ್ಲಿ ಆತನು ಪೇಟೆಂಟ್ ಪಡೆದ ವ್ಯವಸ್ಥೆ ಇನ್ನೂ ಮಹತ್ತ್ವದ್ದು. ಗೋಡೆಯ ಮೇಲಿನ ಥರ್ಮೊಸ್ಟಾಟ್ ಕೊಳವೆಯೊಳಗಿನ ಗಾಳಿಯ ಒತ್ತಡವನ್ನು ಹೆಚ್ಚಿಸುತ್ತಲೋ ತಗ್ಗಿಸುತ್ತಲೋ ಇರುವುದು. ಆ ಒತ್ತಡದಿಂದಲೇ ಹಬೆಯ ಕವಾಟಗಳೂ ಡ್ಯಾಂಪರುಗಳೂ ಚಲಿಸುವುವು. ಹೀಗೆ ಪ್ರತಿಯೊಂದು ಕೊಠಡಿಯೂ ತನ್ನ ಉಷ್ಣತೆಯನ್ನು ತಾನೇ ಕಾಯ್ದುಕೊಳ್ಳುವಂತಾಯಿತು. ಪೇಟೆಂಟಿನಲ್ಲಿರುವುದು ಅಧ್ಯಾಪಕನ ಹೆಸರು. ಆದರೆ ಯಂತ್ರವು ವಹಿಸಿಕೊಂಡುದು ಜವಾನನ ಕೆಲಸವನ್ನು.

ಜಾನ್ಸನ್ನನ ಕುತೂಹಲಕ್ಕೆ ಮಿತಿಯಿರಲಿಲ್ಲ. 50ಕ್ಕೂ ಹೆಚ್ಚು ಪೇಟೆಂಟುಗಳನ್ನು ಪಡೆದ ಆತನು ಗೋಪುರ ಗಡಿಯಾರಗಳು, ಹಬೆಯಿಂದ ಓಡುವ ಮೋಟಾರುಗಳು, ತಂತಿಯಿಲ್ಲದ ವರ್ತಮಾನ ಇವೆಲ್ಲಕ್ಕೂ ಕೈಹಾಕಿದನು. ಫಿಲಡೆಲ್ಫಿಯದ ನಗರಸಭಾ ಭವನದ ಗಡಿಯಾರ ಆತನ ಸಂಸ್ಥೆಯದೇ. 1911ರಲ್ಲಿ ಆತನು ತೀರಿಕೊಂಡನು. 1912ರಲ್ಲಿ ಅಧ್ಯಕ್ಷನಾದ ಹ್ಯಾರಿ ಎಲಿಸ್ ಇತರ ವ್ಯವಸಾಯಗಳನ್ನು ಕೈಬಿಟ್ಟು, ಉಷ್ಣನಿಯಂತ್ರಣವೊಂದರಲ್ಲೇ ಸಂಸ್ಥೆಯನ್ನು ನೆಲೆಗೊಳಿಸಿದನು. ಸ್ಥಾಪಕನ ಪ್ರತಿಭೆ ಸಂಸ್ಥೆಯನ್ನು ಹುಟ್ಟಿಸಿತು; ಉತ್ತರಾಧಿಕಾರಿಯ ಸಂಯಮ ಅದನ್ನು ಉಳಿಸಿತು ಎಂದರೆ ತಪ್ಪಾಗಲಾರದು.

ಮುಂದಿನ ಘಟ್ಟ 1972ರದು. ಆ ವರ್ಷ ಸಂಸ್ಥೆ ಹೊರತಂದ 'ಜೆಸಿ/80' ಕಟ್ಟಡಗಳ ನಿಯಂತ್ರಣಕ್ಕೆಂದೇ ರೂಪಿಸಿದ ಮೊದಮೊದಲ ಕಿರು ಗಣಕಯಂತ್ರಗಳಲ್ಲಿ ಒಂದು. ಮರುವರ್ಷ ತೈಲದ ಬಿಕ್ಕಟ್ಟು ತಲೆದೋರಿ, ಇಂಧನದ ಉಳಿತಾಯ ಕಟ್ಟಡಗಳ ಒಡೆಯರಿಗೆ ಅನಿವಾರ್ಯವಾಯಿತು. 1974ರಲ್ಲಿ ಸಂಸ್ಥೆ 'ಜಾನ್ಸನ್ ಕಂಟ್ರೋಲ್ಸ್' ಎಂಬ ಹೆಸರನ್ನು ತಳೆಯಿತು. 1978ರಲ್ಲಿ ಬ್ಯಾಟರಿಗಳ ತಯಾರಿಕೆ, ಆಮೇಲೆ ಮೋಟಾರು ವಾಹನಗಳ ಆಸನಗಳ ತಯಾರಿಕೆ ಅದಕ್ಕೆ ಸೇರಿದುವು. 2016ರಲ್ಲಿ ಆಸನಗಳ ಶಾಖೆಯನ್ನೂ, 2019ರಲ್ಲಿ ಬ್ಯಾಟರಿಗಳ ಶಾಖೆಯನ್ನೂ ತ್ಯಜಿಸಿ ಸಂಸ್ಥೆ ಪುನಃ ಕಟ್ಟಡಗಳತ್ತ ತಿರುಗಿತು. ಎಲಿಸನ ನೀತಿ ಒಂದು ಶತಮಾನದ ಅನಂತರ ಮರುಕಳಿಸಿದಂತಾಯಿತು.

ಈ ಘಟ್ಟಗಳನ್ನು ಒಟ್ಟಿಗಿಟ್ಟು ನೋಡಿದರೆ ಪ್ರಗತಿಯ ಗೆರೆ ನೇರವಾಗಿಲ್ಲವೆಂಬುದು ಸ್ಪಷ್ಟವಾಗುತ್ತದೆ. 1883ರಲ್ಲಿ ಕೊಠಡಿ ತನ್ನ ಸ್ಥಿತಿಯನ್ನು ದೂರದಲ್ಲಿದ್ದ ಮನುಷ್ಯನಿಗೆ ವರದಿಮಾಡಿತು. 1895ರಲ್ಲಿ ತನ್ನನ್ನು ತಾನೇ ಆಳಿಕೊಂಡಿತು. ಗಣಕಯಂತ್ರ ಬಂದಮೇಲೆ ಮತ್ತೆ ದೂರದ ಕೇಂದ್ರಕ್ಕೆ ವರದಿಮಾಡತೊಡಗಿತು. ಇಂಧನದ ಮಿತವ್ಯಯ ಇದರಿಂದ ಸುಲಭವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಠಡಿಯಲ್ಲಿ ಕುಳಿತವನಿಗೂ ನಿರ್ಣಯಕ್ಕೂ ಇರುವ ಅಂತರ ಮತ್ತೆ ಹೆಚ್ಚಿತು. ವೈಟ್‌ವಾಟರಿನ ಜವಾನನಾದರೂ ಬಾಗಿಲು ತೆರೆದು ಒಳಬಂದು, ಚಳಿಯಲ್ಲಿ ನಡುಗುವ ವಿದ್ಯಾರ್ಥಿಗಳ ಮುಖವನ್ನು ಕಾಣುತ್ತಿದ್ದನು. ಯಂತ್ರಗಳ ಇತಿಹಾಸವನ್ನು ಅಭ್ಯಾಸಮಾಡುವವರು, ಯಾವ ಕೆಲಸ ಸುಲಭವಾಯಿತು ಎಂಬುದರೊಡನೆ, ನಿರ್ಣಯ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನೂ ವಿಚಾರಿಸುವುದು ಯುಕ್ತ.