ಮದ್ದಿಗೆ ಬಗ್ಗದ ಜಂತುಹುಳು

ಕುರಿ, ಮೇಕೆಗಳ ಹೊಟ್ಟೆಹುಳುಗಳಲ್ಲಿ ಹಿಮಾಂಕಸ್ ಕಂಟಾರ್ಟಸ್‌ನಷ್ಟು ಕಾಡಿದ್ದು, ಅಷ್ಟೇ ಅಧ್ಯಯನಕ್ಕೂ ಒಳಗಾದದ್ದು ಇನ್ನೊಂದು ಸಿಗುವುದು ಕಷ್ಟ. ಎರಡು ಮೂರು ಸೆಂಟಿಮೀಟರ್ ಉದ್ದದ ಹೆಣ್ಣುಹುಳುವನ್ನು ಬೆಳಕಿಗೆ ಹಿಡಿದರೆ, ರಕ್ತ ತುಂಬಿದ ಕೆಂಪು ಕರುಳಿಗೆ ಬಿಳಿ ಅಂಡಾಶಯ ಹಗ್ಗದಂತೆ ಸುತ್ತಿಕೊಂಡಿರುವುದು ಕಾಣುತ್ತದೆ. ಅದರ ವಾಸ ನಾಲ್ಕನೇ ಹೊಟ್ಟೆಯಲ್ಲಿ. ಒಂದು ಹುಳುವಿನಿಂದ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ನಷ್ಟ, ಸಾವಿರ ಹುಳುಗಳಿದ್ದರೆ 50 ಮಿ.ಲೀ. ಹಿಕ್ಕೆಯೊಂದಿಗೆ ಹೊರಬಿದ್ದ ಮೊಟ್ಟೆಗಳು ಮಳೆಗಾಲದ ಬೆಚ್ಚನೆ ತೇವದಲ್ಲಿ ಒಂದು ವಾರದ ಹೊತ್ತಿಗೆ ಮರಿಗಳಾಗಿ ಹುಲ್ಲೇರುತ್ತವೆ. ಈ ಹುಳುವಿನಿಂದ ಸಾಮಾನ್ಯವಾಗಿ ಭೇದಿಯಾಗುವುದಿಲ್ಲ. ಎಷ್ಟೋ ಸಲ ಗದ್ದದಡಿ ನೀರು ತುಂಬಿ ಊದಿಕೊಂಡ ಮೇಲೆಯೇ ಕುರಿಗಾಹಿಗೆ ತಿಳಿಯುವುದು.

1939ರಲ್ಲಿ ಆಸ್ಟ್ರೇಲಿಯದ ಗಾರ್ಡನ್ ಮತ್ತು ವಿಟ್ಲಾಕ್ ಹಿಕ್ಕೆಯಲ್ಲಿನ ಮೊಟ್ಟೆಗಳನ್ನು ಎಣಿಸುವ ಸುಲಭ ವಿಧಾನವನ್ನು ಪ್ರಕಟಿಸಿದರು. ಮ್ಯಾಕ್‌ಮಾಸ್ಟರ್ ವಿಧಾನವೆಂದು ಅದು ಇಂದಿಗೂ ಬಳಕೆಯಲ್ಲಿದೆ. ಆಮೇಲೆ ಬಂದದ್ದು ಮದ್ದುಗಳ ಕಾಲ. ಮೊದಲು ಫಿನೋಥಯಜೀನ್, 1961ರಲ್ಲಿ ಥಯಾಬೆಂಡಜೋಲ್, ಆ ದಶಕದಲ್ಲೇ ಲೆವಮಿಸೋಲ್, 1981ರಲ್ಲಿ ಐವರ್ಮೆಕ್ಟಿನ್. ಪ್ರತಿಯೊಂದಕ್ಕೂ ಹುಳು ಬೇಗನೆ ಒಗ್ಗಿಕೊಂಡಿತು. ಥಯಾಬೆಂಡಜೋಲ್‌ಗೆ ಬಗ್ಗದ ಹುಳುಗಳ ವರದಿ 1964ರಲ್ಲೇ ಬಂತು. ನ್ಯೂಜಿಲೆಂಡಿನಲ್ಲಿ 2009ರಲ್ಲಿ ಮಾರುಕಟ್ಟೆಗೆ ಬಂದ ಮೊನೆಪಾಂಟೆಲ್ ಐದು ವರ್ಷ ತುಂಬುವ ಮೊದಲೇ ಅಲ್ಲಿ ಬೇರೆ ಜಾತಿಯ ಜಂತುಹುಳುಗಳ ಮುಂದೆ ಸೋತದ್ದು ಕಂಡುಬಂತು.

ತಪ್ಪನ್ನೆಲ್ಲ ಮದ್ದಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಮಂದೆಗೆಲ್ಲ ಒಂದೇ ದಿನ ಮದ್ದು ಕುಡಿಸಿ, ಹುಳುವಿಲ್ಲದ ಹೊಸ ಹುಲ್ಲುಗಾವಲಿಗೆ ಅಟ್ಟಿ ಎಂದು ತಜ್ಞರೇ ದಶಕಗಳ ಕಾಲ ಹೇಳಿದರು. ಮದ್ದಿಗೆ ಸಾಯದೆ ಉಳಿದ ಕೆಲವೇ ಹುಳುಗಳ ಸಂತಾನ ಮಾತ್ರ ಆ ಹೊಸ ಹುಲ್ಲಿಗೆ ಬಿತ್ತು. ಬೆರೆಯಲು ಬೇರೆ ತಳಿಯೇ ಇರಲಿಲ್ಲ. ಮೇಕೆಗಳ ವಿಷಯದಲ್ಲಿ ಇನ್ನೊಂದು ಎಡವಟ್ಟಾಯಿತು. ಮೇಕೆಯ ದೇಹ ಈ ಮದ್ದುಗಳನ್ನು ಕುರಿಗಿಂತ ಬೇಗ ಹೊರಹಾಕುತ್ತದೆ. ಆದರೂ ಕುರಿಯ ಪ್ರಮಾಣವನ್ನೇ ಕೊಟ್ಟದ್ದರಿಂದ ಹುಳುಗಳು ಸಾಯದೆ ಪಳಗಿದವು.

ದಾರಿ ಬದಲಾದದ್ದು ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿ ಮದ್ದುಗಳು ಒಂದರ ಹಿಂದೆ ಒಂದು ಕೈಕೊಟ್ಟಾಗ ಫ್ರಾನ್ಸ್ವಾ ಮಾಲನ್, ಯಾನ್ ವಾನ್ ವೈಕ್, ಗ್ಯಾರೆತ್ ಬಾತ್ ಸೇರಿ ಫಮಾಚಾ ಎಂಬ ಬಣ್ಣದ ಪಟ್ಟಿಯನ್ನು ಬಳಕೆಗೆ ತಂದರು. ಹಗಲ ಬೆಳಕಿನಲ್ಲಿ ಕುರಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆಳೆದು, ಒಳಪೊರೆಯ ಬಣ್ಣವನ್ನು ಪಟ್ಟಿಯ ಐದು ಬಣ್ಣಗಳೊಂದಿಗೆ ಹೋಲಿಸಬೇಕು. ಕೆಂಪಗಿದ್ದರೆ ಬಿಟ್ಟುಬಿಡಿ, ಬಿಳಿಚಿಕೊಂಡಿದ್ದರೆ ಮದ್ದು ಕುಡಿಸಿ. ಹುಳುಗಳಲ್ಲಿ ಹೆಚ್ಚಿನವು ಮಂದೆಯ ಕೆಲವೇ ಕುರಿಗಳಲ್ಲಿ ತುಂಬಿರುತ್ತವೆ. ಹಾಗಾಗಿ ಆ ಕೆಲವಕ್ಕೆ ಮದ್ದು ಕುಡಿಸಿದರೆ ಸಾಕು; ಮದ್ದು ತಾಕದ ಕುರಿಗಳಲ್ಲಿ ಉಳಿದ ಹುಳುಗಳು, ಮದ್ದಿಗೆ ಬಗ್ಗುವ ತಳಿಯನ್ನು ಉಳಿಸಿಕೊಡುತ್ತವೆ. ಒಂದೂ ಹುಳು ಉಳಿಯಬಾರದೆಂಬ ಹಟ ಬಿಟ್ಟದ್ದೇ ಈ ಶಾಸ್ತ್ರದ ದೊಡ್ಡ ತಿರುವೆಂದು ನಾನು ನಂಬಿದ್ದೇನೆ. ಆದರೆ ಪಟ್ಟಿ ತೋರಿಸುವುದು ರಕ್ತಹೀನತೆಯನ್ನು ಮಾತ್ರ. ಅದು ಯಕೃತ್ತಿನ ಚಪ್ಪಟೆಹುಳುವಿನಿಂದಲೂ ಬರಬಹುದು. ಭೇದಿ ತರುವ ಹುಳುಗಳು ಪಟ್ಟಿಗೆ ಸಿಗುವುದಿಲ್ಲ.

2014ರಲ್ಲಿ ಆಸ್ಟ್ರೇಲಿಯದಲ್ಲಿ ಹಿಮಾಂಕಸ್ ವಿರುದ್ಧ ಲಸಿಕೆಯೂ ಬಂತು. ಸುಂದರಬನದ ಗರೋಲ್ ಕುರಿಯಂಥ, ಹುಳು ತಡೆದುಕೊಳ್ಳುವ ತಳಿಗಳ ಮೇಲೂ ಸಂಶೋಧನೆ ನಡೆದಿದೆ.

ನಮ್ಮ ಹಟ್ಟಿಗಳಲ್ಲಿ ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಇಡೀ ಮಂದೆಗೆ ಮದ್ದು ಹಾಕುವ ರೂಢಿಯಿದೆ. ಆ ಮದ್ದು ಕೆಲಸ ಮಾಡಿತೇ ಎಂದು ನೋಡುವವರು ಕಡಿಮೆ. ಮದ್ದು ಕುಡಿಸುವ ದಿನ ಹತ್ತು ಹದಿನೈದು ಕುರಿಗಳ ಹಿಕ್ಕೆಯನ್ನು ಪಶು ಆಸ್ಪತ್ರೆಗೆ ಒಯ್ದು, ಎರಡು ವಾರ ಬಿಟ್ಟು ಅವೇ ಕುರಿಗಳ ಹಿಕ್ಕೆಯನ್ನು ಮತ್ತೆ ಒಯ್ಯಬೇಕು. ಸೂಕ್ಷ್ಮದರ್ಶಕ, ಉಪ್ಪುನೀರು, ಎಣಿಕೆಯ ಗಾಜು ಸಾಕು. ಮೊಟ್ಟೆಗಳು ನೂರಕ್ಕೆ 95ರಷ್ಟಾದರೂ ಇಳಿಯದಿದ್ದರೆ ಆ ಬಾಟಲಿಯ ಮದ್ದು ಆ ಮಂದೆಗೆ ನಡೆಯುವುದಿಲ್ಲವೆಂದೇ ಅನುಮಾನಿಸಬೇಕು. ಮುಂದಿನ ಸಲ ಪಶುವೈದ್ಯರನ್ನು ಕೇಳಿ ಬೇರೆ ಗುಂಪಿನ ಮದ್ದು ತರಬೇಕು.