ಥಾಣೆ, ಗ್ವಾಲಿಯರ್ ಮತ್ತು ಒಂದು ಬೆರೆಟ್ಟಾ

ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹತ್ತಿದರೆ ಅರ್ಧ ಗಂಟೆಯೊಳಗೆ ಥಾಣೆ. ನಾನು ಎಂಐಡಿಸಿಗೆ ಬಂದು ವರ್ಷಗಳಾದ ಮೇಲೆ ಗಾಂಧಿ ಹತ್ಯೆ ಮೊಕದ್ದಮೆಯ ತೀರ್ಪು ಓದಿದೆ. 1948ರ ಜನವರಿ 25ರಂದು ನಾಥೂರಾಮ್ ಗೋಡ್ಸೆ, ಆಪ್ಟೆ, ಕರ್ಕರೆ, ಗೋಪಾಲ ಗೋಡ್ಸೆ ಸೇರಿದ್ದು ಇದೇ ಥಾಣೆಯ ಒಂದು ಮನೆಯಲ್ಲಿ.

ಐದು ದಿನ ಹಿಂದಷ್ಟೇ ದಿಲ್ಲಿಯಲ್ಲಿ ಅವರ ಮೊದಲ ಯತ್ನ ಕೆಟ್ಟಿತ್ತು. ಆಗ ಅವರ ಬಳಿ ಇದ್ದದ್ದು ಎರಡು ರಿವಾಲ್ವರ್. ಹಿಂದೂ ಮಹಾಸಭಾ ಭವನದ ಹಿಂದಿನ ಕಾಡಿನಲ್ಲಿ ಪರೀಕ್ಷಿಸಿದಾಗ ಒಂದರ ಚೇಂಬರ್ ಹೊರಬರಲೇ ಇಲ್ಲ, ಇನ್ನೊಂದರ ಗುಂಡು ಗುರಿಯಿಟ್ಟ ಮರವನ್ನೂ ಮುಟ್ಟಲಿಲ್ಲ. ಸಂಜೆ ಸ್ಫೋಟಕ ಸಿಡಿಸಿದ ಮದನಲಾಲ್ ಪಾಹ್ವಾ ಸಿಕ್ಕಿಬಿದ್ದ, ಉಳಿದವರು ಓಡಿದರು. ಥಾಣೆಯಲ್ಲಿ ಸೇರಿದ ಎರಡು ದಿನಕ್ಕೆ ನಾಥೂರಾಮ್, ಆಪ್ಟೆ ವಿಮಾನ ಹತ್ತಿ ದಿಲ್ಲಿಗೆ, ಅಲ್ಲಿಂದ ರೈಲಿನಲ್ಲಿ ಗ್ವಾಲಿಯರ್‌ಗೆ ಹೋದರು. 28ರಂದು ಕೈಗೆ ಬಂದದ್ದು ಇಟಲಿಯ ಬೆರೆಟ್ಟಾ 1934, ನಂಬರು 606824.

ಇದು ಬ್ಲೋಬ್ಯಾಕ್ ಪಿಸ್ತೂಲು. ಅಡುಗೆಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ಮುಚ್ಚಳ ಕಚ್ಚಿಕೊಂಡಿರುತ್ತದೆ, ಆದರೆ ವಿಷಲ್ ಕೂತಿರುವುದು ಬರೀ ತನ್ನ ತೂಕದಿಂದ. ಬ್ಲೋಬ್ಯಾಕಿನ ಹಿಂಬಾಗಿಲೂ ಹಾಗೆಯೇ, ಅದಕ್ಕೆ ಚಿಲಕವಿಲ್ಲ. ಮದ್ದಿನ ಅನಿಲ ಗುಂಡನ್ನು ಮುಂದಕ್ಕೂ ಖಾಲಿ ತೋಟಾವನ್ನು ಹಿಂದಕ್ಕೂ ತಳ್ಳುತ್ತದೆ. ತೋಟಾದ ಬೆನ್ನಿಗಿರುವ ಸ್ಲೈಡ್ ಗುಂಡಿಗಿಂತ ಬಹಳ ಭಾರ. ಅದು ಸ್ವಲ್ಪ ಸರಿಯುವಷ್ಟರಲ್ಲಿ ಗುಂಡು ನಳಿಕೆ ಬಿಟ್ಟಾಗಿರುತ್ತದೆ. ಆಮೇಲೆ ಸ್ಲೈಡ್ ಪೂರ್ತಿ ಹಿಂದೆ ಹೋಗಿ ಖಾಲಿ ತೋಟಾ ಎಸೆದು, ಸ್ಪ್ರಿಂಗಿನ ಬಲದಿಂದ ಮರಳುತ್ತಾ ಹೊಸದನ್ನು ತುಂಬುತ್ತದೆ.

ಚಿಲಕದ ಕೆಲಸವನ್ನೂ ತೂಕ, ಸ್ಪ್ರಿಂಗುಗಳೇ ಮಾಡಬೇಕಾದ್ದರಿಂದ ಮೊದಲ ಸಲ ಸ್ಲೈಡ್ ಎಳೆಯುವಾಗಲೇ ಬೆರಳಿಗೆ ಬಿಗಿ ತಿಳಿಯುತ್ತದೆ. ತೋಟಾ ಚಿಕ್ಕದಾದರೂ ಅಂಗೈಗೆ ಬೀಳುವ ಒದೆತ ಚುರುಕು. ನಳಿಕೆ ಅಲುಗದು, ಹಾಗಾಗಿ ಗುರಿ ಹಿಡಿಯುವುದು ಸುಲಭ. ಹೆಚ್ಚು ಬಲದ ತೋಟಾ ಹಾಕಬೇಕೆಂದರೆ ಸ್ಲೈಡೂ ಭಾರವಾಗಬೇಕು. ಅದಕ್ಕೇ ಬೆರೆಟ್ಟಾಕ್ಕೆ 9 ಎಂಎಂ ಶಾರ್ಟ್ ಸಾಕಾಯಿತು. 1914ರಲ್ಲಿ ಸರಾಯೆವೋದಲ್ಲಿ ಪ್ರಿನ್ಸಿಪ್ ಹಾರಿಸಿದ ಬ್ರೌನಿಂಗ್ ಕೂಡ ಬ್ಲೋಬ್ಯಾಕೇ, ತೋಟಾವೂ ಅದೇ. ಹತ್ತಿರದಿಂದ ಹೊಡೆಯುವವನಿಗೆ ಅಷ್ಟು ಬಲ ಧಾರಾಳ.

ಜನವರಿ 30ರ ಸಂಜೆ ಬಿರ್ಲಾ ಭವನದಲ್ಲಿ ಆ ಪಿಸ್ತೂಲು ಎಲ್ಲೂ ತಡವರಿಸಲಿಲ್ಲ. ಮೂರು ಗುಂಡು.

ಆದರೆ ನನ್ನನ್ನು ಹೆಚ್ಚು ಕಾಡುವುದು ಯಂತ್ರವಲ್ಲ. ಮದನಲಾಲ್ ತನ್ನ ಸಂಚಿನ ಬಗ್ಗೆ ಮಾಟುಂಗಾದ ರುಯಾ ಕಾಲೇಜಿನ ಪ್ರೊಫೆಸರ್ ಜಗದೀಶಚಂದ್ರ ಜೈನ್ ಬಳಿ ಮೊದಲೇ ಬಾಯಿಬಿಟ್ಟಿದ್ದ. ಸ್ಫೋಟದ ಸುದ್ದಿ ಪೇಪರಿನಲ್ಲಿ ಕಂಡೊಡನೆ, 21ರಂದೇ, ಜೈನ್ ಅದನ್ನು ಬೊಂಬಾಯಿಯ ಗೃಹಮಂತ್ರಿ ಮೊರಾರ್ಜಿ ದೇಸಾಯಿಯವರಿಗೆ ಹೇಳಿದ್ದರು. ನಮ್ಮ ಆಫೀಸಿನ ಭಾಷೆಯಲ್ಲಿ, ಟಿಕೆಟ್ ಎದ್ದಾಗಿತ್ತು. ಥಾಣೆಯ ಆ ಮನೆಯಲ್ಲಿ ನಾಲ್ವರು ಸೇರಿದ್ದು ಅದಾದ ನಾಲ್ಕು ದಿನಕ್ಕೆ.